ಓರೆಯಾಗಿಟ್ಟ ಪಾದ

ಸರ್ವಿಸ್ ಸೆಂಟರಿನ ಮ್ಯಾನೇಜರನಿಗೆ ನಾನು ಮನಸ್ಸಿನಲ್ಲೇ ‘ನೋಡೋಣ’ ಎಂದು ಹೆಸರಿಟ್ಟಿದ್ದೆ. ಏನು ಕೇಳಿದರೂ ಅವನ ಬಾಯಿಂದ ಬರುತ್ತಿದ್ದದ್ದು ಅದೊಂದೇ ಮಾತು. ಕಾರು ನಡುರಸ್ತೆಯಲ್ಲಿ ತಾನಾಗಿಯೇ ಆಫ್ ಆಗುತ್ತದೆ ಎಂದರೆ ನೋಡೋಣ ಮೇಡಂ, ಕಂಪನಿಯ ಇಂಜಿನಿಯರ್ ಯಾವಾಗ ಬರುತ್ತಾರೆ ಎಂದರೆ ನೋಡೋಣ ಮೇಡಂ, ಇಲ್ಲಿಯ ಕಾಫಿ ಮೆಷಿನ್ ಕೆಟ್ಟಿದೆಯಲ್ಲ ಎಂದರೂ ನೋಡೋಣ ಮೇಡಂ. ಬೇರೆ ಕಾಲದಲ್ಲಾಗಿದ್ದರೆ ನಗು ಬರುತ್ತಿತ್ತು, ಇಲ್ಲವೇ ಮೈ ಉರಿಯುತ್ತಿತ್ತು. ಈಗ ಎರಡೂ ಇರಲಿಲ್ಲ. ಗಾಜಿನ ಗೋಡೆಯಾಚೆ ನಮ್ಮ ಬೂದು ಬಣ್ಣದ ಕಾರನ್ನು ಲಿಫ್ಟಿನ ಮೇಲೆ ಎತ್ತಿ ನಿಲ್ಲಿಸಿದ್ದರು. ನಾನು ಅದರ ಹೊಟ್ಟೆ ನೋಡುತ್ತ ಕುಳಿತಿದ್ದೆ.

ನಾನು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಗಾಜು ಬದಲಿಸುತ್ತ, ‘ಈಗ ಚೆನ್ನಾಗಿ ಕಾಣುತ್ತಾ, ಮೊದಲಿನದೇ ಚೆನ್ನಾಗಿತ್ತಾ’ ಎಂದು ದಿನವಿಡೀ ಕೇಳುವುದೇ ನನ್ನ ಕೆಲಸ. ಕೆಲವರು ತುಂಬ ಹೊತ್ತು ಯೋಚಿಸಿ, ಎರಡೂ ಒಂದೇ ಥರ ಇದೆ ಅನ್ನುತ್ತಾರೆ. ಹಿಂದೆಲ್ಲ ಅಂಥವರ ಮೇಲೆ ಸಿಡುಕು ಬರುತ್ತಿತ್ತು. ಹೇಗೆ ಒಂದೇ ಥರ ಇರುತ್ತದೆ, ಸರಿಯಾಗಿ ನೋಡಿ ಅನ್ನುತ್ತಿದ್ದೆ. ನಮ್ಮವರು ತೀರಿಕೊಂಡ ಮೇಲೆ ಆ ಮಾತು ನನಗೆ ಪೂರ್ತಿ ಅರ್ಥವಾಗತೊಡಗಿತು. ಊಟ ಮಾಡಿದರೂ ಬಿಟ್ಟರೂ ಒಂದೇ ಥರ ಇತ್ತು.

ಅವತ್ತು ಬೆಳಿಗ್ಗೆ ಅವರು ಎದೆ ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲೇ ಕೂತುಬಿಟ್ಟಿದ್ದರು. ಆಂಬುಲೆನ್ಸ್‌ಗೆ ಕಾಯುವುದಕ್ಕಿಂತ ನಾವೇ ಹೋದರೆ ಬೇಗ ಅನ್ನಿಸಿತು. ಹಿಂದಿನ ಸೀಟಿನಲ್ಲಿ ಅತ್ತೆ ತಮ್ಮ ಮಗನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತರು, ನಾನು ಓಡಿಸಿದೆ. ದೊಡ್ಡ ಸರ್ಕಲ್ಲಿನ ಹತ್ತಿರ ಒಂದು ಸ್ಕೂಟರ್ ಅಡ್ಡ ಬಂತು. ಬ್ರೇಕ್ ಒತ್ತಿದೆ. ಕಾರು ಆಫ್ ಆಯಿತು. ಕೀಲಿ ತಿರುಗಿಸಿದರೆ ಎಂಜಿನ್ ಹಿಡಿಯಲಿಲ್ಲ. ಮತ್ತೆ ತಿರುಗಿಸಿದೆ, ಮತ್ತೆ ತಿರುಗಿಸಿದೆ. ಹಿಂದಿನಿಂದ ಅತ್ತೆ ‘ಬೇಗ, ಬೇಗ’ ಎನ್ನುತ್ತಲೇ ಇದ್ದರು. ಕೊನೆಗೆ ಹಿಡಿಯಿತು, ಆಸ್ಪತ್ರೆಯನ್ನೂ ತಲುಪಿದೆವು. ಆಗಲೇ ಮುಗಿದಿತ್ತು. ಸ್ವಲ್ಪ ಮುಂಚೆ ಬಂದಿದ್ದರೆ ಎಂದು ನಾನು ಡಾಕ್ಟರನ್ನು ಕೇಳಿದೆ. ಅವರು ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡಿ, ಹಾಗೆಲ್ಲ ಹೇಳಲಾಗುವುದಿಲ್ಲ ಎಂದರು.

ಬಂದವರೆಲ್ಲ ಹೋದ ಮೇಲೆ ಒಂದು ದಿನ ನಾನೂ ಅತ್ತೆಯೂ ನಮ್ಮವರ ಅಂಗಿಗಳನ್ನು ಮಡಿಸುತ್ತಿದ್ದೆವು. ಅತ್ತೆ ತಲೆ ಎತ್ತದೆ ಒಂದು ಮಾತು ಅಂದರು.

“ಅವನು ಓಡಿಸ್ತಿದ್ದಾಗ ಈ ಕಾರು ಒಂದ್ ದಿನಾನೂ ನಿಂತಿದ್ದಿಲ್ಲ.”

ಬೈದು ಹೇಳಿದ್ದಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದು. ನಾನು ಕೈಯಲ್ಲಿದ್ದ ಅಂಗಿ ಮಡಿಸಿಟ್ಟು ಇನ್ನೊಂದನ್ನು ತೆಗೆದುಕೊಂಡೆ. ಆ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ಆದರೆ ಅಂದಿನಿಂದ ನಮ್ಮ ನಡುವೆ ಇದ್ದದ್ದು ಹಾಲು ಬಂತಾ, ಬಾಗಿಲು ಹಾಕಿದೆಯಾ ಎಂಬಷ್ಟು ಮಾತು ಮಾತ್ರ. ಒಂದೇ ಮನೆಯಲ್ಲಿ ಇಬ್ಬರೇ ಹೆಂಗಸರು, ಇಬ್ಬರ ನಡುವೆ ಆ ಸರ್ಕಲ್ಲು.

ಕಾರಿನ ವಿಷಯ ನನಗೆ ಹೇಳಿದವನು ನಮ್ಮ ಅಂಗಡಿಗೆ ಕನ್ನಡಕ ಮಾಡಿಸಲು ಬಂದ ಒಬ್ಬ ಮೆಕ್ಯಾನಿಕ್. ಈ ಮಾಡೆಲ್ಲಿನ ಬಹಳಷ್ಟು ಕಾರುಗಳದ್ದು ಇದೇ ಗೋಳಂತೆ. ಎಂಜಿನ್‌ಗೆ ಗಾಳಿ ಬಿಡುವ ಒಂದು ಭಾಗ ಬಿಸಿಯಾದಾಗ ಕಚ್ಚಿಕೊಳ್ಳುತ್ತದೆ, ಆಗ ಆಕ್ಸಿಲರೇಟರಿನಿಂದ ಕಾಲು ಪೂರ್ತಿ ತೆಗೆದು ಬ್ರೇಕ್ ಹಾಕಿದರೆ ಎಂಜಿನ್ ಆರಿಹೋಗುತ್ತದೆ. ಕಂಪನಿಗೂ ಗೊತ್ತು, ಪಟ್ಟು ಹಿಡಿದು ಕೇಳಿದವರಿಗೆ ವಾರಂಟಿ ಮುಗಿದಿದ್ದರೂ ಅವರ ಖರ್ಚಿನಲ್ಲೇ ಬದಲಾಯಿಸಿ ಕೊಡುತ್ತಾರೆ, ಕೇಳದವರಿಗೆ ಬಾಯಿ ಬಿಡುವುದಿಲ್ಲ ಎಂದ.

ನಾನು ಕಂಪನಿಗೆ ಫೋನ್ ಮಾಡಿದೆ. ಅಲ್ಲಿಯ ಹುಡುಗಿ ಎಷ್ಟು ಸಲ ಹೀಗಾಗಿದೆ ಎಂದು ಕೇಳಿದಳು. ಒಂದು ಸಲ ಅಂದೆ. ಒಂದೇ ಸಲವಾ ಮೇಡಂ ಅಂದಳು. ಒಂದೇ ಸಲ ಸಾಕಾಯ್ತಮ್ಮ ಅಂದೆ. ಅವಳಿಗೇನು ಅರ್ಥವಾಯಿತೋ, ಶರತ್ತು ಹೇಳಿದಳು. ಭಾಗವನ್ನು ಬದಲಾಯಿಸಬೇಕಾದರೆ ಕಂಪನಿಯ ಇಂಜಿನಿಯರ್ ಪಕ್ಕದಲ್ಲಿ ಕೂತಿರುವಾಗ ಕಾರು ಒಮ್ಮೆ ಆಫ್ ಆಗಬೇಕು. ಗಿರಾಕಿಯ ಕಾರನ್ನು ಅವರು ರಸ್ತೆಯಲ್ಲಿ ಓಡಿಸುವಂತಿಲ್ಲ, ಹಾಗಾಗಿ ಓಡಿಸುವವಳು ನಾನೇ.

ಖರ್ಚು ಉಳಿಯಲಿ ಎಂದು ನಾನು ಹೋಗಲಿಲ್ಲ. ಕಾರನ್ನು ಮಾರಿ ಕೈತೊಳೆದುಕೊಳ್ಳಬಹುದಿತ್ತು. ತಪ್ಪು ಕಾರಿನದು, ಓಡಿಸಿದವಳದ್ದಲ್ಲ ಎಂಬ ಮಾತು ಕಾರು ಮಾಡಿದವರ ಬಾಯಿಂದಲೇ ಬರಬೇಕಿತ್ತು. ಅದು ಅತ್ತೆಯ ಕಿವಿಗೆ ಬೀಳಬೇಕಿತ್ತು. ನನಗೆ ಬೇಕಾಗಿದ್ದದ್ದು ಅಷ್ಟೇ.

ಮೊದಲ ಸಲ ಹೋದಾಗ ಇಂಜಿನಿಯರ್ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟು, ಅದರ ವೈರನ್ನು ಸ್ಟೀರಿಂಗಿನ ಕೆಳಗೆ ಸಿಕ್ಕಿಸಿ, ಪಕ್ಕದಲ್ಲಿ ಕೂತ. ಊರೆಲ್ಲ ಸುತ್ತಿದೆವು. ಸಿಗ್ನಲ್ಲುಗಳಲ್ಲಿ ನಿಂತೆವು, ಏರಿನಲ್ಲಿ ನಿಂತೆವು. ಕಾರು ನೆಂಟರೆದುರು ಜಾಣತನ ತೋರಿಸುವ ಮಗುವಿನ ಹಾಗೆ ನಡೆದುಕೊಂಡಿತು. ಎರಡನೆಯ ಸಲ ಅತ್ತೆಯೂ ಬಂದರು. ಹೊರಗೆ ಹೋಗಿ ಎಷ್ಟೋ ದಿನವಾಗಿತ್ತು, ಸುಮ್ಮನೆ ಬರುತ್ತೇನೆ ಅಂದರು. ಅವರನ್ನು ಕಾಯುವ ಕೋಣೆಯಲ್ಲಿ ಕೂರಿಸಿ ನಾವು ಮತ್ತೆ ಊರು ಸುತ್ತಿ ಬಂದೆವು. ಕಾರು ಕೆಮ್ಮಲೂ ಇಲ್ಲ.

ಮ್ಯಾನೇಜರ್ ‘ನೋಡೋಣ’ ಅತ್ತೆಯ ಎದುರಿಗೇ ಮಾತು ತೆಗೆದ. ಕೆಲವರು ಗಾಬರಿಯಲ್ಲಿ ಕ್ಲಚ್ಚಿನಿಂದ ಕಾಲು ತೆಗೆದುಬಿಡುತ್ತಾರೆ ಮೇಡಂ, ಅದರಲ್ಲೂ ಲೇಡೀಸು, ಅದಕ್ಕೆ ಕಂಪನಿ ಏನು ಮಾಡಲಾಗುತ್ತದೆ ಎಂದ. ಇನ್ನೊಂದು ಸಲ ನೋಡಿ ಫೈಲು ಮುಚ್ಚುತ್ತೇವೆ ಎಂದೂ ಹೇಳಿದ. ನಾನು ಥ್ಯಾಂಕ್ಸ್ ಅಂದೆ. ಯಾಕೆ ಅಂದೆನೋ ಗೊತ್ತಿಲ್ಲ. ಯಾವ ಮಾತನ್ನು ಅತ್ತೆಗೆ ಕೇಳಿಸಬೇಕು ಅಂದುಕೊಂಡಿದ್ದೆನೋ, ಅದರ ಉಲ್ಟಾ ಮಾತನ್ನೇ ಪುಕ್ಕಟೆ ಕೇಳಿಸಿದ್ದಾಯಿತು.

ವಾಪಸು ಬರುವಾಗ ಅತ್ತೆ ಮುಂದಿನ ಸೀಟಿನಲ್ಲಿ ಕೂತಿದ್ದರು. ಒಂದು ಕೆಂಪು ಸಿಗ್ನಲ್ಲಿನಲ್ಲಿ ಅವರು ಬಗ್ಗಿ ನನ್ನ ಕಾಲನ್ನು ನೋಡಿದರು.

“ಕಾಲು ಯಾಕೆ ಹಾಗಿಟ್ಟಿದೀಯ?”

“ಹೇಗೆ ಅತ್ತೆ?”

“ಓರೆಯಾಗಿ. ಅವನೂ ಹಾಗೇ ಇಡ್ತಿದ್ದ.”

ನಾನೂ ಬಗ್ಗಿ ನೋಡಿದೆ. ಬೆರಳುಗಳು ಬ್ರೇಕಿನ ಮೇಲಿದ್ದವು. ಪಾದದ ಅಂಚು ಆಕ್ಸಿಲರೇಟರಿನ ಮೇಲೆ ಹಗುರಾಗಿ ಕೂತಿತ್ತು. ಎಂಜಿನ್ ಆರದಂತೆ ಆ ಅಂಚು ತನ್ನ ಪಾಡಿಗೆ ತಾನು ಒತ್ತುತ್ತಿತ್ತು. ನನಗೆ ಕಾರು ಕಲಿಸಿದವರು ನಮ್ಮವರು, ಈ ಕಾರಿನಲ್ಲೇ. ಕಾಲನ್ನು ಹೀಗಿಡು, ಹೀಗೆ ತಿರುಗಿಸು ಎಂದು ಮೊದಲ ದಿನವೇ ತೋರಿಸಿಕೊಟ್ಟಿದ್ದರು. ಎಲ್ಲರೂ ಹೀಗೇ ಬ್ರೇಕ್ ಹಾಕುವುದು ಎಂದು ನಾನು ನಂಬಿದ್ದೆ. ಬೇರೆ ಕಾರನ್ನು ನಾನು ಓಡಿಸಿಯೇ ಇರಲಿಲ್ಲ. ಅವತ್ತು ಸ್ಕೂಟರ್ ಅಡ್ಡ ಬಂದ ಆ ಒಂದು ಗಳಿಗೆ ಮಾತ್ರ ಕಲಿತದ್ದೆಲ್ಲ ಮರೆತು ಕಾಲು ನೆಟ್ಟಗೆ ಬ್ರೇಕಿಗೆ ಬಿದ್ದಿತ್ತು.

ನಮ್ಮವರ ಸ್ವಭಾವವೇ ಅದು. ಯಾವುದನ್ನೂ ರಿಪೇರಿ ಮಾಡಿಸುತ್ತಿರಲಿಲ್ಲ, ಹೊಂದಿಕೊಂಡು ಹೋಗುತ್ತಿದ್ದರು. ಸೋರುವ ನಲ್ಲಿಯನ್ನು ಯಾವ ಹದಕ್ಕೆ ತಿರುಗಿಸಿದರೆ ನಿಲ್ಲುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಬೀರುವಿನ ಬಾಗಿಲನ್ನು ಮೊಣಕಾಲಿನಿಂದ ಸ್ವಲ್ಪ ಎತ್ತಿ ತೆಗೆಯಬೇಕಿತ್ತು, ನಾವೂ ಹಾಗೇ ತೆಗೆಯುತ್ತಿದ್ದೆವು. ಮೆಟ್ಟಿಲು ಹತ್ತುವಾಗ ಅವರು ನಡುವೆ ನಿಂತು ಫೋನ್ ತೆಗೆದು ನೋಡುತ್ತಿದ್ದರು. ಯಾರ ಮೆಸೇಜು ಎಂದು ನಾನು ತಮಾಷೆ ಮಾಡುತ್ತಿದ್ದೆ.

ಮನೆ ಬಂತು. ನಾನು ಎಂಜಿನ್ ಆಫ್ ಮಾಡಿದೆ. ಇಬ್ಬರೂ ಇಳಿಯಲಿಲ್ಲ.

“ಗೊತ್ತಿತ್ತು ಅವನಿಗೆ,” ಅತ್ತೆ ಅಂದರು. “ಕಾರಿಂದೂ ಗೊತ್ತಿತ್ತು, ಎದೆದೂ ಗೊತ್ತಿತ್ತು. ತೋರಿಸ್ಕೊಂಡು ಬಾ ಅಂತ ನಾನೇ ಒಂದ್ ಸಲ ಹೇಳಿದ್ದೆ. ಎರಡು ದಿಂಬು ಹಾಕ್ಕೊಂಡ್ರೆ ಸರಿಹೋಗತ್ತಮ್ಮ ಅಂದ. ನಾನೂ ಸುಮ್ನಾದೆ.”

ಆಗ ನನಗೆ ಸಿಟ್ಟು ಬಂತು. ನಮ್ಮವರ ಮೇಲೆ, ದಿಂಬಿನ ಮೇಲೆ, ಮೊಣಕಾಲಿನಿಂದ ತೆಗೆಯುವ ಆ ಹಾಳು ಬೀರುವಿನ ಮೇಲೆ. ಇಷ್ಟು ದಿನದ ಮೇಲೆ ಏನೋ ಒಂದು ಬಂತಲ್ಲ ಅನ್ನಿಸುವಷ್ಟರಲ್ಲಿ ಅದೂ ಇಳಿದುಹೋಯಿತು. ಒಳಗೆ ಹೋದ ಮೇಲೆ, ಬಾಗಿಲು ಹಾಕಿದೆಯಾ ಎಂದು ಅತ್ತೆ ಕೇಳಿದರು. ಹಾಕಿದೆ ಅಂದೆ.

ಮೂರನೆಯ ಸಲಕ್ಕೆ ಅತ್ತೆ ತಾವೇ ಸೀರೆ ಬದಲಾಯಿಸಿ ಸಿದ್ಧರಾಗಿದ್ದರು. ಸರ್ವಿಸ್ ಸೆಂಟರಿನಲ್ಲಿ ಕಾಯುವ ಕೋಣೆಗೆ ಹೋಗದೆ, ನೇರವಾಗಿ ಕಾರಿನ ಹಿಂದಿನ ಬಾಗಿಲು ತೆಗೆದು ಒಳಗೆ ಕೂತರು. ಅವತ್ತು ಕೂತಿದ್ದ ಜಾಗದಲ್ಲೇ. ಇನ್ನೊಬ್ಬರನ್ನು ಕೂರಿಸಿಕೊಳ್ಳುವ ನಿಯಮವಿಲ್ಲ ಎಂದು ‘ನೋಡೋಣ’ ತಡೆಯಲು ಬಂದ. ಅತ್ತೆ ಕಿಟಕಿಯಿಂದ ಅವನನ್ನೇ ನೋಡುತ್ತ, ನಿಯಮ ಆಮೇಲೆ ನೋಡೋಣಪ್ಪ ಅಂದರು. ಇಂಜಿನಿಯರ್ ಮುಖ ಆಚೆ ತಿರುಗಿಸಿಕೊಂಡು ನಕ್ಕ.

ಕಾಲನ್ನು ನೆಟ್ಟಗಿಡಬೇಕು ಎಂದುಕೊಂಡೇ ಹೊರಟೆ. ಅಂದುಕೊಂಡಷ್ಟು ಸುಲಭವಿರಲಿಲ್ಲ. ಬ್ರೇಕ್ ಹತ್ತಿರ ಹೋದ ಕೂಡಲೇ ಪಾದ ತಾನಾಗಿಯೇ ಓರೆಯಾಗುತ್ತಿತ್ತು. ಸಿಗ್ನಲ್ ಬಂದಾಗಲೆಲ್ಲ ನಮ್ಮವರು ಪಕ್ಕದಲ್ಲಿ ಕೂತು ಹೀಗಿಡು ಅಂದ ಹಾಗೆಯೇ ಇಡುತ್ತಿದ್ದೆ. ಅವರು ಕಲಿಸಿದ್ದರಲ್ಲಿ ನನ್ನ ಮೈಯಲ್ಲಿ ಉಳಿದದ್ದು ಇದೊಂದೇ, ಅದನ್ನೂ ಬಿಡಬೇಕಲ್ಲ ಎಂದು ಬೇಸರವಾಯಿತು. ಇಂಜಿನಿಯರ್ ಗಡಿಯಾರ ನೋಡಿಕೊಂಡ. ದೊಡ್ಡ ಸರ್ಕಲ್ ಹತ್ತಿರವಾಯಿತು.

“ಕಾಲು ನೆಟ್ಟಗಿಡು,” ಹಿಂದಿನಿಂದ ಅತ್ತೆ ಅಂದರು.

ನೆಟ್ಟಗಿಟ್ಟೆ, ಒತ್ತಿದೆ. ಎಂಜಿನ್ ಒಮ್ಮೆ ನಡುಗಿ ಆರಿತು. ಹಿಂದಿನ ಗಾಡಿಗಳು ಹಾರ್ನ್ ಹಾಕತೊಡಗಿದವು.

ಇಂಜಿನಿಯರ್ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿ, ತೆರೆಯಲ್ಲಿ ಥಟ್ಟನೆ ಕೆಳಗಿಳಿದ ಗೆರೆಯನ್ನು ಬೆರಳಿನಿಂದ ತೋರಿಸಿದ.

“ಬಂತು ಮೇಡಂ. ನಿಮ್ಮಿಂದೇನೂ ಆಗಿಲ್ಲ, ಕ್ಲಚ್ ಪೂರ್ತಿ ಒತ್ತಿದೀರಿ. ಇದು ನಮ್ಮ ಪಾರ್ಟಿನದೇ ತೊಂದರೆ. ನಾವೇ ಹಾಕಿಕೊಡ್ತೀವಿ.”

ಈ ಮಾತಿಗಾಗಿಯೇ ನಾನು ಇಷ್ಟು ಓಡಾಡಿದ್ದೆ. ಈಗ ಕೇಳಿದೆ, ಅತ್ತೆಯೂ ಕೇಳಿದರು. ನನಗೆ ಏನೂ ಅನ್ನಿಸಲಿಲ್ಲ. ಸರಿ ಅಂದೆ. ಕೀಲಿ ತಿರುಗಿಸಿದೆ. ಹಿಡಿಯಲಿಲ್ಲ. ಮತ್ತೆ ತಿರುಗಿಸಿದೆ. ಹಾರ್ನ್ ಜೋರಾಯಿತು. ಬೇಗ, ಬೇಗ ಎಂಬ ದನಿ ಹಿಂದಿನ ಸೀಟಿನಿಂದ ಈಗ ಬರುತ್ತದೆ ಎಂದು ಕತ್ತು ಬಿಗಿಹಿಡಿದು ಕಾಯುತ್ತಿದ್ದೆ.

ಅತ್ತೆ ಮುಂದಕ್ಕೆ ಬಗ್ಗಿ ನನ್ನ ಹೆಗಲ ಮೇಲೆ ಕೈಯಿಟ್ಟರು.

“ನಿಧಾನಕ್ಕೆ ಮಾಡಮ್ಮ,” ಅಂದರು. “ಈಗೇನು ಅವಸರ.”

ನಾನು ಕೀಲಿಯಿಂದ ಕೈ ತೆಗೆದು, ಹೆಗಲ ಮೇಲಿದ್ದ ಆ ಕೈಯನ್ನು ಹಿಡಿದುಕೊಂಡೆ. ನಾನಾಗಿ ಬಿಡುವವರೆಗೂ ಅತ್ತೆ ಕಾದರು.