ಅರ್ಧ ಕಿಲೋದ ಕುಕ್ಕರ್

ಅನ್ನ ಬೇಯಿಸುವ ಒಂದು ಪಾತ್ರೆಗೆ ತಿಂಗಳುಗಟ್ಟಲೆ ಯೋಚನೆ ಯಾಕೆ ಎಂದು ಕೇಳುವವರು ಕುಚ್ಚಲಕ್ಕಿ ಬೇಯಿಸಿದವರಲ್ಲ. ಬಿಳಿಯ ಬೆಳ್ತಿಗೆ ಅಕ್ಕಿ ಪಾಪದ್ದು, ತೊಳೆದು ಒಲೆಗಿಟ್ಟು ನಾಲ್ಕು ಮಾತಾಡುವಷ್ಟರಲ್ಲಿ ಬೆಂದಿರುತ್ತದೆ. ಕುಚ್ಚಲಕ್ಕಿಗೆ ಅಂಥ ದಾಕ್ಷಿಣ್ಯವೇ ಇಲ್ಲ. ಅದು ಗಂಟೆಗಟ್ಟಲೆ ಕುದಿಯಬೇಕು, ನಡುನಡುವೆ ಸೌಟು ಆಡಿಸಬೇಕು, ಒಂದು ಅಗುಳು ತೆಗೆದು ಹಿಚುಕಿ ನೋಡಬೇಕು. ಕೊನೆಗೆ ಆ ಕುದಿಯುವ ಪಾತ್ರೆಯನ್ನೇ ಎತ್ತಿ, ಮುಚ್ಚಳ ಅಡ್ಡ ಹಿಡಿದು, ಗಂಜಿ ಬಸಿಯಬೇಕು. ಬಂದ್ಯೋಡಿನ ಮೂಕಾಂಬಿಕಾ ಈ ಕೆಲಸವನ್ನು ಮದುವೆಯಾಗಿ ಬಂದಂದಿನಿಂದ ಮಾಡುತ್ತಲೇ ಇದ್ದಳು. ಹೋದ ವರ್ಷದಿಂದ ಅವಳ ಬಲ ಹೆಗಲು ಮಾತ್ರ ಇದಕ್ಕೆ ಒಪ್ಪುತ್ತಿರಲಿಲ್ಲ.

ನೋವೆಂದು ಅವಳು ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ. ಹೇಳಿದರೂ ಕೇಳುವವರು ಯಾರು? ಗಂಡ ಜನಾರ್ದನನಿಗೆ ಪೇಟೆಯಲ್ಲಿ ಹಿಟ್ಟಿನ ಗಿರಣಿ. ಇಡೀ ದಿನ ಮಿಷನಿನ ಸದ್ದಿನಲ್ಲಿದ್ದು ಮನೆಗೆ ಬಂದರೆ ಅವನ ಕಿವಿಗೆ ಬೀಳುವುದು ಅರ್ಧ ಮಾತು, ಒಳಗೆ ಹೋಗುವುದು ಅದರಲ್ಲೂ ಅರ್ಧ. ಮೈದುನ ವಿಘ್ನೇಶನಿಗೆ ಕಾಸರಗೋಡಿನಲ್ಲಿ ಕೆಲಸ. ಅವನ ಹೆಂಡತಿ ದೀಪ್ತಿ ಅಲ್ಲೇ ಒಂದು ಶಾಲೆಯಲ್ಲಿ ಟೀಚರ್. ಅವರ ಮಗಳು ಕಿನ್ನಿ ಅಮ್ಮನ ಜೊತೆ ಅದೇ ಶಾಲೆಗೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಐದು ಜನಕ್ಕೆ ಒಂದೇ ಅಡುಗೆಮನೆ, ಒಂದೇ ಅನ್ನದ ಪಾತ್ರೆ. ಮೂಕಾಂಬಿಕಾ ಹೆತ್ತಿರಲಿಲ್ಲ, ಆದರೆ ಹೊಸಬರು ಯಾರಾದರೂ ಮಕ್ಕಳೆಷ್ಟು ಎಂದು ಕೇಳಿದರೆ ‘ಒಂದು ಹೆಣ್ಣು’ ಎಂದು ಹೇಳಿ ಮಾತು ಮುಗಿಸುತ್ತಿದ್ದಳು.

ಹಾಗಿರುವಾಗ ಒಂದು ಭಾನುವಾರ ಊಟವಾದ ಮೇಲೆ ದೀಪ್ತಿ ಹತ್ತಿರ ಬಂದು ಕುಳಿತಳು.

“ಅಕ್ಕ, ಪಾತ್ರೆ ಎತ್ತುವಾಗ ನಿಮ್ಮ ಮುಖ ನೋಡಿದ್ದೇನೆ ನಾನು. ಹೆಗಲು ನೋವುಂಟಲ್ವಾ? ನಿಮಗೊಂದು ಒಳ್ಳೆ ರೈಸ್ ಕುಕ್ಕರ್ ತೆಗೊಳ್ಳುವ.”

ಮೂಕಾಂಬಿಕಾಳ ಕಣ್ಣಿಗೆ ನೀರು ಬಂತು. ಈರುಳ್ಳಿಯೂ ಹತ್ತಿರವಿರಲಿಲ್ಲ, ನೆಪ ಹೇಳಲಿಕ್ಕೆ. “ನನಗೆಂತ ನೋವು ಮಾರಾಯ್ತಿ” ಎಂದು ಎದ್ದು ಒಳಗೆ ಹೋದಳು. ಆ ಸಂಜೆಯಿಂದಲೇ ಕುಕ್ಕರಿನ ಹುಡುಕಾಟ ಸುರುವಾಯಿತು.

ಈ ಕಡೆ ಹೆಂಗಸರು ರೈಸ್ ಕುಕ್ಕರ್ ಎಂದರೆ ಅದು ಕರೆಂಟಿನದ್ದಲ್ಲ. ದಪ್ಪ ಹೊದಿಕೆಯ ಒಂದು ಡ್ರಮ್ಮು, ಅದರೊಳಗೆ ಇಳಿಸುವ ಒಂದು ಸ್ಟೀಲಿನ ಪಾತ್ರೆ, ಅಷ್ಟೇ. ಅಕ್ಕಿಯನ್ನು ಸ್ವಲ್ಪ ಹೊತ್ತು ಚೆನ್ನಾಗಿ ಕುದಿಸಿ, ಪಾತ್ರೆಯನ್ನು ಡ್ರಮ್ಮಿನೊಳಗಿಟ್ಟು ಮುಚ್ಚಿಬಿಟ್ಟರೆ ಉಳಿದದ್ದನ್ನು ಒಳಗಿನ ಬಿಸಿಯೇ ನೋಡಿಕೊಳ್ಳುತ್ತದೆ. ಬಸಿಯಲಿಕ್ಕೆ ತೂತಿನ ಮುಚ್ಚಳ ಬೇರೆ. ಇಷ್ಟು ಸಣ್ಣ ವಸ್ತುವಿನಲ್ಲಿ ಎಷ್ಟು ಮೋಸವಿರಬಹುದು ಎಂದು ಮೂಕಾಂಬಿಕಾಗೆ ಗೊತ್ತಾದದ್ದು ಊರಿಡೀ ವಿಚಾರಿಸಿದ ಮೇಲೆ. ನೆರೆಮನೆಯ ಮಹಾಬಲನ ಹೆಂಡತಿ ಕಡಿಮೆ ಬೆಲೆಯದ್ದು ತಂದಿದ್ದಳು, ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅದು ಬಿಸಿ ಹಿಡಿಯುವುದನ್ನೇ ಬಿಟ್ಟಿತು. ಮಧ್ಯಾಹ್ನ ಮುಚ್ಚಳ ತೆಗೆದರೆ ಅಕ್ಕಿ ಬೆಳಿಗ್ಗೆ ಹೇಗಿತ್ತೋ ಹಾಗೆಯೇ ನೀರಲ್ಲಿ ಮಲಗಿರುತ್ತಿತ್ತಂತೆ. ರೇಷನ್ ಅಂಗಡಿಯ ಸಾಲಿನಲ್ಲಿ ನಿಂತವರೂ ಬುದ್ಧಿ ಹೇಳಿದರು: ಪಾತ್ರೆಯ ತಳ ದಪ್ಪ ಇರಬೇಕು, ಡ್ರಮ್ಮನ್ನು ಬಡಿದರೆ ಟೊಳ್ಳು ಸದ್ದು ಬರಬಾರದು, ಮುಚ್ಚಳ ಒತ್ತಿದರೆ ಅಲುಗಾಡಬಾರದು. ಅಂಥ ಕುಕ್ಕರಿಗೆ ಬೆಲೆ ಮಾತ್ರ ಎರಡರಷ್ಟು.

ಬೆಲೆಯ ವಿಷಯವನ್ನು ಜನಾರ್ದನನ ಹತ್ತಿರ ಎತ್ತುವಾಗ ಅವಳು ವಾದಕ್ಕೆ ತಯಾರಾಗಿಯೇ ಹೋಗಿದ್ದಳು. ಗ್ಯಾಸ್ ಎಷ್ಟು ಉಳಿಯುತ್ತದೆ, ಎಷ್ಟು ವರ್ಷ ಬಾಳಿಕೆ ಬರುತ್ತದೆ, ಎಲ್ಲ ಬಾಯಿಪಾಠ. ಚಹಾ ಸೋಸುವ ಜಾಲರಿಯ ಬೆಲೆ ಹೆಚ್ಚಾಯಿತೆಂದು ಹಿಂದೆ ಕೊಟ್ಟು ಬಂದ ಮನುಷ್ಯ ಅವನು. ಅವನು ಪೇಪರಿನಿಂದ ತಲೆ ಎತ್ತದೆ, “ಒಳ್ಳೆಯದೇ ತೆಗೊ. ಬೆಲೆ ನೋಡ್ಬೇಡ” ಎಂದ. ಮೂಕಾಂಬಿಕಾ ಆ ಮಾತನ್ನೂ ದೀಪ್ತಿ ತನ್ನ ನೋವು ಕಂಡದ್ದನ್ನೂ ಮಹಾಬಲನ ಹೆಂಡತಿಗೂ, ರೇಷನ್ ಅಂಗಡಿಯಲ್ಲೂ, ಹೂವಿನವಳಿಗೂ ಹೇಳಿದಳು. ಹೆಗಲು ನೋಯುವುದರಲ್ಲೂ ಸುಖ ಇರುತ್ತದೆಂದು ಅವಳಿಗೆ ಆ ದಿನಗಳಲ್ಲಿ ಅನಿಸಿತ್ತು.

ಶನಿವಾರ ಇಬ್ಬರೂ ಹೊರಟರು. “ಕಾಸರಗೋಡಿನಲ್ಲಿ ದೊಡ್ಡ ಅಂಗಡಿ ಉಂಟಕ್ಕ, ಅಲ್ಲಿಗೇ ಹೋಗುವ” ಎಂದು ದೀಪ್ತಿ ಮನೆಯಿಂದಲೇ ಹೇಳುತ್ತಿದ್ದಳು.

“ನಮ್ಮ ಇಗ್ನೇಶಿಯಸ್ ಪೇಟೆಯಲ್ಲೇ ಇರುವಾಗ ಅಷ್ಟು ದೂರ ಎಂತಕ್ಕೆ? ಹಾಳಾದರೆ ಹೋಗಿ ಜಗಳ ಮಾಡ್ಲಿಕ್ಕಾದರೂ ಆಗ್ತದೆ” ಎಂದಳು ಮೂಕಾಂಬಿಕಾ. ದೀಪ್ತಿ ಹಿಂದಿನಿಂದ ನಿಧಾನಕ್ಕೆ ನಡೆದು ಬಂದಳು.

ಇಗ್ನೇಶಿಯಸ್‌ನ ಪಾತ್ರೆ ಅಂಗಡಿ ಹೆದ್ದಾರಿಯ ಬದಿಯಲ್ಲಿ, ಜನಾರ್ದನನ ಗಿರಣಿಗೆ ನಾಲ್ಕು ಹೆಜ್ಜೆ ದೂರ. ಮೂಕಾಂಬಿಕಾ ಒಂದೊಂದೇ ಡ್ರಮ್ಮನ್ನು ಬಡಿದು ನೋಡಿದಳು, ಮುಚ್ಚಳ ಒತ್ತಿದಳು, ಪಾತ್ರೆಯ ತಳಕ್ಕೆ ಉಗುರು ಹಾಕಿದಳು. ಇಗ್ನೇಶಿಯಸ್ ನಗುತ್ತ ನಿಂತಿದ್ದ. ಕೊನೆಗೆ ಒಂದು ಕಂಪೆನಿಯದ್ದು ಅವಳ ಮನಸ್ಸಿಗೆ ಬಂತು. “ಇದರಲ್ಲಿ ಒಂದೂವರೆ ಕಿಲೋದ್ದು ಕೊಡಿ” ಎಂದಳು.

“ಅಷ್ಟು ದೊಡ್ಡದು ಬೇಡ ಅಕ್ಕ” ಎಂದಳು ದೀಪ್ತಿ. “ಅರ್ಧ ಕಿಲೋದ್ದು ಸಾಕು. ನಿಮಗೆ ಎತ್ತಲಿಕ್ಕೆ ಹಗುರ.”

“ಹಗುರ ಅಂತ ಆಟದ ಪಾತ್ರೆ ತೆಗೊಳ್ಳುವುದಾ? ನಿನ್ನ ಗಂಡನೊಬ್ಬನೇ ಅರ್ಧ ಕಿಲೋ ಉಣ್ಣುವ ಆಸಾಮಿ!” ಮೂಕಾಂಬಿಕಾ ಜೋರಾಗಿ ನಕ್ಕಳು. ದೀಪ್ತಿ ನಗಲಿಲ್ಲ. ಅಷ್ಟರಲ್ಲಿ ಅವಳ ಫೋನು ಹೊಡೆದುಕೊಂಡಿತು, ಅವಳು ಅದನ್ನು ಹಿಡಿದು ಅಂಗಡಿಯ ಹೊರಗೆ ಹೋದಳು.

ಇಗ್ನೇಶಿಯಸ್ ಅರ್ಧ ಕಿಲೋದ್ದನ್ನು ಕೆಳಗಿಳಿಸುತ್ತ ಹೇಳಿದ, “ಟೀಚರ್ ಹೇಳುವುದು ಸರಿ ಅಕ್ಕ. ದೊಡ್ಡದರಲ್ಲಿ ಚೂರು ಅಕ್ಕಿ ಹಾಕಿದರೆ ಬಿಸಿ ನಿಲ್ಲುವುದಿಲ್ಲ, ಬೇಯುವುದಿಲ್ಲ. ಇನ್ನು ನೀವಿಬ್ಬರೇ ಅಲ್ವಾ? ಅವರಿಗೆ ಒಂದು ಕಿಲೋದ್ದು ಮೊನ್ನೆಯೇ ಕೊಟ್ಟಾಯ್ತಲ್ಲ.”

“ಯಾರಿಗೆ?”

“ಟೀಚರ್‌ನವರಿಗೆ. ಕಾಸರಗೋಡಿನ ವಿದ್ಯಾನಗರದ ಬಾಡಿಗೆ ಮನೆಗೆ. ಜನಾರ್ದನಣ್ಣ ತಾನೇ ಬಂದು, ಆರಿಸಿ, ಆಟೋದಲ್ಲಿ ಇಟ್ಟುಕೊಂಡು ಹೋದದ್ದು. ಒಳ್ಳೆಯದೇ ಕೊಡು ಇಗ್ನೇಶಿಯಸ್, ಬೆಲೆ ನೋಡ್ಬೇಡ ಅಂದರು.”

ಮೂಕಾಂಬಿಕಾ ಕೈಯಲ್ಲಿದ್ದ ಮುಚ್ಚಳವನ್ನು ಮೆಲ್ಲಗೆ ಅದರ ಜಾಗಕ್ಕೆ ಇಟ್ಟಳು. ಇಬ್ಬರೇ. ಮೂರನೆಯವನ ಬಾಯಲ್ಲಿ, ಪಾತ್ರೆ ಅಂಗಡಿಯಲ್ಲಿ ನಿಂತುಕೊಂಡು, ತನ್ನ ಮನೆಯಲ್ಲಿ ಇನ್ನು ಎಷ್ಟು ಜನ ಉಣ್ಣುತ್ತಾರೆ ಎಂಬುದನ್ನು ಅವಳು ತಿಳಿಯಬೇಕಾಯಿತು. ದೀಪ್ತಿ ಒಳಗೆ ಬಂದಾಗ ಅವಳು ಇಗ್ನೇಶಿಯಸ್‌ಗೆ, “ಅರ್ಧ ಕಿಲೋದ್ದೇ ಕಟ್ಟಿಕೊಡಿ” ಎಂದಳು. ದೀಪ್ತಿ ಒಮ್ಮೆ ಅವನನ್ನು, ಒಮ್ಮೆ ಇವಳನ್ನು ನೋಡಿದಳು.

ದಾರಿಯಿಡೀ ಡಬ್ಬವನ್ನು ದೀಪ್ತಿಯೇ ಹಿಡಿದುಕೊಂಡಿದ್ದಳು. ಗೇಟಿನ ಹತ್ತಿರ ಬರುವಾಗ, “ಅಕ್ಕ, ಹೇಳಬೇಕು ಅಂತಲೇ ಇದ್ದೆ. ಭಾವನೇ ಈಗ ಬೇಡ ಅಂದದ್ದು” ಎಂದಳು. ಮೂಕಾಂಬಿಕಾ ಚಪ್ಪಲಿ ಬಿಚ್ಚಿ ಒಳಗೆ ಹೋದಳು.

ಸಂಜೆ ಜನಾರ್ದನ ಬಂದವನೇ, “ಸಿಕ್ಕಿತಾ ಒಳ್ಳೆಯದು?” ಎಂದು ಕೇಳಿದ.

“ಸಿಕ್ಕಿತು. ನೀವು ವಿದ್ಯಾನಗರಕ್ಕೆ ಕೊಂಡುಹೋದ ಕಂಪೆನಿಯದ್ದೇ.”

ಜಗಲಿಯಲ್ಲಿ ವಿಘ್ನೇಶನೂ ಇದ್ದ, ದೀಪ್ತಿಯೂ ಇದ್ದಳು. ಜನಾರ್ದನ ಅಂಗಿಗೆ ಅಂಟಿದ ಹಿಟ್ಟು ಕೊಡವಿದ. “ರಸ್ತೆ ಕೆಲಸ ಸುರುವಾದ ಮೇಲೆ ಬಸ್ಸಿನ ಅವಸ್ಥೆ ನಿನಗೆ ಗೊತ್ತುಂಟಲ್ಲ. ಮಗುವಿಗೆ ಕಷ್ಟ. ಮೊದಲೇ ಹೇಳಿದರೆ ನೀನು ಅತ್ತು ರಂಪ ಮಾಡ್ತಿ ಅಂತ...”

“ಅಳ್ತಿದ್ದೆ!” ಮೂಕಾಂಬಿಕಾಳ ಸ್ವರ ಅವಳಿಗೇ ಅಪರಿಚಿತವಾಗಿತ್ತು. “ಎರಡು ದಿನ ಅತ್ತು ಮತ್ತೆ ಪಾತ್ರೆಪಗಡಿ ನಾನೇ ಕಟ್ಟಿಕೊಡ್ತಿದ್ದೆ. ಕಿನ್ನಿಗೆ ಬಸ್ಸಿನಲ್ಲಿ ವಾಂತಿ ಆಗುವುದು ನನಗೆ ಗೊತ್ತಿಲ್ವಾ? ಹೋಗುವವರ ಕಾಲು ಹಿಡಿದು ನಿಲ್ಲಿಸುವವಳಾ ನಾನು? ಅದೆಲ್ಲ ಇರಲಿ. ನನ್ನ ಹೆಗಲಿಗೆ ಅಂತ ಎಂತಕ್ಕೆ ಹೇಳಿದೆ ದೀಪ್ತಿ? ನನ್ನ ದೀಪ್ತಿ ನನ್ನ ನೋವು ನೋಡಿದಳು ಅಂತ ಊರಿಡೀ ಹೇಳಿಕೊಂಡು ಬಂದೆನಲ್ಲ ನಾನು, ನಾಚಿಕೆ ಇಲ್ಲದೆ!”

ಅವಳನ್ನು ಚುಚ್ಚಿದ್ದು ಅದೇ. ಮನೆ ಬಿಟ್ಟು ಹೋಗುವುದು ಲೋಕದಲ್ಲಿ ಇದ್ದದ್ದೇ, ಮನೆಗಳೇ ಹಾಗೆ. ಆದರೆ ಇವರು ಮೂವರು ಕುಳಿತು, ಮಗುವಿಗೆ ಮದ್ದು ಕುಡಿಸುವ ಮೊದಲು ಕೈಗೆ ಬೆಲ್ಲ ಕೊಡುವ ಹಾಗೆ, ಅವಳಿಗೊಂದು ಕುಕ್ಕರ್ ಕೊಡುವುದೆಂದು ತೀರ್ಮಾನ ಮಾಡಿದ್ದರು. ಅವಳ ಜೀವಮಾನದಲ್ಲಿ ಒಬ್ಬರು ಅವಳ ನೋವನ್ನು ಕಂಡು ಹೇಳಿದ ಮಾತು, ಅದೂ ಉಪಾಯದ ಮಾತಾಗಿತ್ತು.

ದೀಪ್ತಿ ಅಳತೊಡಗಿದಳು. ಅವಳು ಅತ್ತರೆ ಮೂಕಾಂಬಿಕಾಗೆ ಸಹಿಸಲಿಕ್ಕಾಗುತ್ತಿರಲಿಲ್ಲ, ಈಗಲೂ ಆಗಲಿಲ್ಲ. ಮೂಕಾಂಬಿಕಾ ಒಂದೇ ಮಾತು ಕೇಳಿದಳು. “ಮೊದಲ ಅಕ್ಕಿ ಅಳೆಯಲಿಕ್ಕೆ ನನ್ನನ್ನು ಕರೆಯುತ್ತೀರಿ ಅಲ್ವಾ?”

ಈ ಮನೆತನದಲ್ಲಿ ಪಾಲಾಯಿತು ಎಂದು ಹೇಳುವುದು ಜಾಗ ಅಳೆದಾಗ ಅಲ್ಲ. ಅನ್ನ ಬೇರೆಯಾದಾಗ. ಹೊಸ ಒಲೆಯ ಮೇಲೆ ಮೊದಲ ಪಾತ್ರೆ ಏರುವ ದಿನ ಹಳೆ ಮನೆಯ ಹಿರಿಯ ಹೆಂಗಸು ಹೋಗಿ ತನ್ನ ಕೈಯಾರೆ ಅಕ್ಕಿ ಅಳೆದು ಹಾಕಬೇಕು. ಮೂಕಾಂಬಿಕಾಳ ಅತ್ತೆ ಹಾಗೆ ತನ್ನಿಬ್ಬರು ಮೈದುನರ ಮನೆಗೆ ಹೋಗಿ ಅಳೆದು ಬಂದವರು. ಅಲ್ಲಿ ಅಳೆದರೆ ಬೇರೆಯಾದರೂ ಮುರಿದದ್ದಲ್ಲ ಎಂದು ಲೆಕ್ಕ. ಆ ಒಂದು ಹಕ್ಕು ಉಳಿದರೆ ಸಾಕೆಂದು ಮೂಕಾಂಬಿಕಾ ಕೇಳಿದ್ದು.

“ಹೌದಕ್ಕ, ನೀವೇ ಬರಬೇಕು. ನೀವಲ್ಲದೆ ಮತ್ಯಾರು?” ಎಂದಳು ದೀಪ್ತಿ ಅಳುತ್ತಲೇ. ಜನಾರ್ದನ ಎದ್ದು ಅಂಗಳಕ್ಕೆ ಹೋದ.

ಮೂಕಾಂಬಿಕಾಳ ಸಿಟ್ಟು ಹೆಚ್ಚು ಹೊತ್ತು ನಿಲ್ಲುವಂಥದ್ದಲ್ಲ. ಭಾನುವಾರ ಅವಳು ಇದ್ದುದರಲ್ಲಿ ಒಳ್ಳೆಯ ಕುಚ್ಚಲಕ್ಕಿ ತೆಗೆದು, ಮೊರದಲ್ಲಿ ಹಾಕಿ, ಒಂದು ಕಲ್ಲು ಉಳಿಯದ ಹಾಗೆ ಆರಿಸಿದಳು. ಹೊಸ ಬಿಳಿ ಬಟ್ಟೆಯಲ್ಲಿ ಒಂದು ಸೇರು ಕಟ್ಟಿ, ಪಕ್ಕದಲ್ಲಿ ಒಂದು ತೆಂಗಿನಕಾಯಿ, ಒಂದು ಅಚ್ಚು ಬೆಲ್ಲ, ಎರಡು ಅರಸಿನ ಕೊಂಬು ಇಟ್ಟಳು. ಯಾವ ಸೀರೆ ಉಡುವುದೆಂದೂ ಯೋಚಿಸಿದಳು. ಶನಿವಾರ ಅಷ್ಟು ಕೂಗಬಾರದಿತ್ತು ಎಂದು ಅವಳಿಗೆ ಅನಿಸಿತು.

ಸೋಮವಾರ ಬೆಳಿಗ್ಗೆ ಕಿನ್ನಿಗೆ ಜಡೆ ಹಾಕುತ್ತಿದ್ದಾಗ ಆ ಮಗುವಿನ ಕಣ್ಣು ಗಂಟಿನ ಮೇಲೆ ಬಿತ್ತು.

“ದೊಡ್ಡಮ್ಮ, ಇದೆಂತ?”

“ನಿಮ್ಮ ಹೊಸ ಮನೆಯಲ್ಲಿ ಮೊದಲ ಅನ್ನ ಮಾಡಲಿಕ್ಕೆ ಅಕ್ಕಿ.”

“ಅಲ್ಲಿ ಅನ್ನ ಮಾಡಿ ಆಯ್ತಲ್ಲ” ಎಂದಳು ಕಿನ್ನಿ. “ಗುರುವಾರ ಶಾಲೆ ಬಿಟ್ಟು ಅಲ್ಲಿಗೇ ಹೋದದ್ದು ನಾವು. ದೊಡ್ಡಪ್ಪನೇ ಅಕ್ಕಿ ಅಳೆದು ಹಾಕಿದ್ದು. ಪಾಯಸವೂ ಇತ್ತು. ದೊಡ್ಡಪ್ಪ ಎರಡು ಸಲ ಹಾಕಿಸಿಕೊಂಡರು.” ಮತ್ತೆ ಒಮ್ಮೆಲೇ ಬಾಯಿಗೆ ಕೈ ಅಡ್ಡ ಇಟ್ಟು, “ಅಯ್ಯೋ, ನಿಮಗೆ ಹೇಳಬಾರದು ಅಂತ ಹೇಳಿದ್ದರು” ಎಂದಳು.

ಗುರುವಾರ. ಗಿರಣಿಯಿಂದ ತಡವಾಗಿ ಬಂದು, ಹೊಟ್ಟೆ ಭಾರ, ಊಟ ಬೇಡ ಎಂದು ಜನಾರ್ದನ ಮಲಗಿದ ದಿನ. ಅವನ ತಲೆಯ ಹತ್ತಿರ ಕುಳಿತು ಜೀರಿಗೆ ಕಷಾಯ ಕುಡಿಸಿದವಳು ಇವಳೇ. ಶನಿವಾರ ಕಣ್ಣೀರು ಒರೆಸಿಕೊಳ್ಳುತ್ತ ‘ನೀವೇ ಬರಬೇಕು’ ಎಂದ ದೀಪ್ತಿಗೆ ಆಗಲೇ ಅಲ್ಲಿ ಉಂಡಾಗಿತ್ತು. ಎಲ್ಲ ಗೊತ್ತಾಗಿ, ಎಲ್ಲರೂ ಅತ್ತು ಮುಗಿಸಿದ ಮೇಲೂ ಅವರು ಅವಳಿಗೆ ಮತ್ತೊಂದು ಸುಳ್ಳು ಹೇಳಿದ್ದರು.

ಅವಳು ಜಡೆ ಪೂರ್ತಿ ಮಾಡಿ, ರಿಬ್ಬನ್ ಕಟ್ಟಿದಳು. “ಹೇಳಿದ್ದಕ್ಕೆ ಯಾರೂ ಬಯ್ಯುವುದಿಲ್ಲ, ಹೋಗು” ಎಂದು ಮಗುವಿನ ಕೆನ್ನೆ ಸವರಿ ಕಳಿಸಿದಳು.

ಮನೆ ಖಾಲಿಯಾದ ಮೇಲೆ ಮೂಕಾಂಬಿಕಾ ಗಂಟು ಬಿಚ್ಚಿ ಅಕ್ಕಿಯನ್ನು ಡಬ್ಬಕ್ಕೆ ಸುರಿದಳು. ತೆಂಗಿನಕಾಯಿಯನ್ನು ಬುಟ್ಟಿಗೆ ಹಾಕಿದಳು. ಹೊಸ ಕುಕ್ಕರನ್ನು ಡಬ್ಬದಿಂದ ಹೊರತೆಗೆಯಲೇ ಇಲ್ಲ. ಅಳತೆಯ ಕುಡ್ತೆಯಲ್ಲಿ ತನ್ನೊಬ್ಬಳಿಗೆ ಬೇಕಾದಷ್ಟು ಅಕ್ಕಿ ಅಳೆದು, ಹಾಲು ಕಾಯಿಸುವ ಸಣ್ಣ ಪಾತ್ರೆಯಲ್ಲಿ ಬೇಯಲು ಇಟ್ಟು, ಬೇಯುವವರೆಗೂ ಒಲೆಯ ಎದುರು ನಿಂತಳು. ಬಸಿಯುವಾಗ ಹೆಗಲಿಗೆ ಏನೂ ಆಗಲಿಲ್ಲ, ಅಷ್ಟು ಹಗುರವಿತ್ತು ಅದು.

ಮಧ್ಯಾಹ್ನ ಜನಾರ್ದನ ಕೈಕಾಲು ತೊಳೆದು ಬಂದಾಗ ಅವಳು ಉಣ್ಣುತ್ತಿದ್ದಳು. ಅವನಿಗಿಂತ ಮೊದಲು ಅವಳು ಕುಳಿತದ್ದನ್ನು ಆ ಮನೆಯ ಗೋಡೆಗಳೂ ಕಂಡಿರಲಿಲ್ಲ. ಅವನು ತಾನೇ ಬಟ್ಟಲು ತೆಗೆದುಕೊಂಡು ಒಲೆಯ ಹತ್ತಿರ ಹೋಗಿ ಮುಚ್ಚಳ ಎತ್ತಿದ.

“ಅನ್ನ ಎಲ್ಲಿ?”

“ಇಷ್ಟೇ ಮಾಡಿದ್ದು.”

“ನನಗೆ?”

“ನಿಮ್ಮ ಅನ್ನ ಗುರುವಾರವೇ ಬೇರೆ ಆಯಿತಲ್ಲ” ಎಂದಳು ಮೂಕಾಂಬಿಕಾ. “ನೀವೇ ಅಳೆದು ಹಾಕಿ ಬಂದಿರಿ.”

ಜನಾರ್ದನ ಮುಚ್ಚಳ ಹಿಡಿದುಕೊಂಡೇ ಏನೋ ಹೇಳಲು ಹೊರಟ. ಅವಳು ಸಾರು ಹಾಕಿಕೊಂಡು, ಉಳಿದ ಅನ್ನವನ್ನು ಕಲಸಿ, ನಿಧಾನವಾಗಿ ಉಂಡು ಮುಗಿಸಿದಳು.