ತಾನಾಗಿ ಸರಿದ ಕೈ

ನಮ್ಮ ಯಜಮಾನರು ಜಯತೀರ್ಥ ಮಾಸ್ತರರು ಚೌಡಾಪುರದಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಶಾಲೆಯಲ್ಲಿ ಕಲಿಸಿದ್ದು ಸಾಲದೆ ಮನೆಯಲ್ಲೂ ಕಲಿಸುತ್ತಿದ್ದರು. ಯೋಚಿಸದೆ ನಡೆದುಕೊಳ್ಳುವುದು ದನಕರುಗಳ ಪಾಡು, ಮನುಷ್ಯನಿಗೆ ವಿವೇಕವಿದೆ ಎಂದು ನಾನು ರೊಟ್ಟಿ ಬಡಿಯುವಾಗೆಲ್ಲ ತಲೆ ತಿನ್ನುತ್ತಿದ್ದರು.

ಎಂಬತ್ಮೂರರ ಒಂದು ಹುಣ್ಣಿಮೆ. ಲಾಡ್ಲೆಸಾಬನ ಟಾಂಗಾದಲ್ಲಿ ಭೀಮಾ ನದಿಗೆ ಸ್ನಾನಕ್ಕೆ ಹೋದೆವು. ಹದಿನೈದು ವರ್ಷದಿಂದ ನಮ್ಮನ್ನು ಕರೆದೊಯ್ಯುವವನು ಅವನೇ. ಇವರು ಮುಳುಗೆದ್ದು, ಒದ್ದೆ ಪಂಚೆ ಉಟ್ಟು, ಯಾರನ್ನೂ ಮುಟ್ಟದೆ ಮಡಿಯಲ್ಲಿ ಜಪಕ್ಕೆ ನಿಂತಿದ್ದರು. ಕುದುರೆಗೆ ನೀರು ತುಂಬಿಕೊಳ್ಳಲು ಬಗ್ಗಿದ ಲಾಡ್ಲೆಸಾಬ ಕಾಲು ಜಾರಿ ಮಡುವಿಗೆ ಬಿದ್ದ. ಈಜು ಬಾರದ ಗಂಡಸು. ಇವರ ಎದುರಿಗೇ ಮೇಲೆದ್ದು ಕೈ ಚಾಚಿದ.

ನಮ್ಮ ವಿವೇಕಿಗಳು ಥಟ್ಟನೆ ಎರಡು ಹೆಜ್ಜೆ ಹಿಂದೆ ಸರಿದರು. ಕೈಗಳನ್ನು ಎದೆಗೆ ಅವಚಿಕೊಂಡಿದ್ದರು. ಅವನು ಮತ್ತೆ ಮುಳುಗಿದ. ನಾನು ದಡದಲ್ಲಿ ಒಣಹಾಕಿದ್ದ ಸೀರೆ ಎಸೆದು, ಅವನು ಹಿಡಿದ ಮೇಲೆ ರಟ್ಟೆಗೆ ಕೈಹಾಕಿ ಎಳೆದುಕೊಂಡೆ.

ಕೆಮ್ಮುತ್ತಲೇ ಟಾಂಗಾ ಹೊಡೆದು ಪುಣ್ಯಾತ್ಮ ನಮ್ಮನ್ನು ಮನೆ ಮುಟ್ಟಿಸಿದ. ಪಡಸಾಲೆಯಲ್ಲಿ ಇವರ ಪಾಠ ಶುರುವಾಯಿತು. ತಾವು ಸರಿಯಲಿಲ್ಲವಂತೆ, ಮೈ ಸರಿಯಿತಂತೆ. ಬೆಂಕಿ ತಾಗಿದರೆ ಬೆರಳು ಹಿಂದೆ ಬರುವುದಿಲ್ಲವೇ, ಹಾಗಂತೆ. ಬೆಂಕಿಯ ಭಯ ಹುಟ್ಟಿನಿಂದ ಬಂದದ್ದು, ಲಾಡ್ಲೆಸಾಬನ ಭಯವನ್ನು ಯಾವ ತೊಟ್ಟಿಲಲ್ಲಿ ಕಲಿತಿರಿ ಎಂದು ಕೇಳಿದೆ.

ಹೊಸ್ತಿಲಾಚೆ ಕೂತಿದ್ದ ಲಾಡ್ಲೆಸಾಬನೇ ಅವರ ನೆರವಿಗೆ ಬಂದ.

"ಮಾಸ್ತರ್ದು ತಪ್ಪಿಲ್ರಿ ಬಾಯಾರ. ಅವ್ರು ಮಡಿಯಾಗ ಇದ್ದದ್ದು ಕಣ್ಣಿಗೆ ಬಿತ್ತು, ನಾನೇ ಕೈ ಹಿಂದ ತಗೊಂಡೇನ್ರಿ."

"ನೋಡಿದಿ ವತ್ಸಲಾ, ಸಾಯೋ ಹೊತ್ತಿನ್ಯಾಗೂ ಅವನ ಕೈ ತಾನಾಗೇ ಹಿಂದ ಸರೀತು," ಎಂದು ಇವರು ಗೆದ್ದವರಂತೆ ನಕ್ಕರು.

ನನಗೆ ಮೈಯೆಲ್ಲ ಉರಿಯಿತು. ನೀರಿನಲ್ಲಿ ಪ್ರಾಣ ಹೋಗುವಾಗಲೂ ಇವರ ಮಡಿ ಕಾಯ್ದವನ ಎದುರಿಗೆ ಕೂತು ನಗುವುದೇ! ನಾಚಿಕೆಯಾಗಬೇಕು ಎಂದು ಮುಖಕ್ಕೇ ಅಂದು, ಚಹಾ ತರಲು ಒಳಗೆ ಹೋದೆ. ಸಿಟ್ಟಿನಲ್ಲೇ ಕುದಿಸಿದೆ, ಸಿಟ್ಟಿನಲ್ಲೇ ಸೋಸಿದೆ, ತಂದು ಇಬ್ಬರ ಮುಂದೆ ಇಟ್ಟೆ.

ಇಟ್ಟ ಮೇಲೆ ನೋಡಿದೆ. ಇವರ ಮುಂದೆ ಸ್ಟೀಲಿನ ಲೋಟ. ಲಾಡ್ಲೆಸಾಬನ ಮುಂದೆ ಕಿವಿ ಮುರಿದ ಕಪ್ಪು, ಅವನಿಗೆಂದೇ ಹದಿನೈದು ವರ್ಷದಿಂದ ಹೊರಗಿನ ಕಿಟಕಿಯಲ್ಲಿ ಬೇರೆ ಇಡುವ ಕಪ್ಪು. ಅದನ್ನು ಯಾವಾಗ ಕೈಗೆ ತೆಗೆದುಕೊಂಡೆನೋ ನನಗೆ ಗೊತ್ತಿಲ್ಲ.

ಅವನು ಕುಡಿದು, ತಾನೇ ತೊಳೆದು, ಮತ್ತೆ ಅದೇ ಕಿಟಕಿಯಲ್ಲಿ ಬೋರಲು ಹಾಕಿ ಹೋದ.