ನಾಲ್ಕು ಬೆರಳು ಹೆಚ್ಚಿನ ತೋಳು

"ಉಂಡ ಮನೆಗೆ ಎರಡು ಬಗೆಯೋ ನಾಯಿ ನೀನು," ಅಂದ ಮಾಲೀಕ, ಖಾಕಿ ಅಂಗಿಯೊಂದನ್ನು ಎತ್ತಿ ಇಡೀ ಹೊಲಿಗೆಮನೆಗೆ ತೋರಿಸುತ್ತ. "ಅಣ್ಣ ಅಲ್ಲಿ ಗುಂಡಿಗೆ ಎದೆಯೊಡ್ಡಿ ನಿಂತಿದ್ದಾನೆ. ತಮ್ಮ ಇಲ್ಲಿ ನೆರಳಲ್ಲಿ ನಿಂತು ಸೈನಿಕರ ಬಟ್ಟೆ ಹಾಳು ಮಾಡ್ತಾನೆ. ನೋಡಿ ಎಲ್ಲರೂ, ಕಣ್ತುಂಬಾ ನೋಡಿ."

ಎಲ್ಲರೂ ನೋಡಿದರು. ಮೆಷಿನ್‌ಗಳು ಒಂದೊಂದಾಗಿ ಸುಮ್ಮನಾದವು. ಅಂಗಿಯ ತೋಳು ಜೋಲಾಡುತ್ತಿತ್ತು, ಇರಬೇಕಾದ್ದಕ್ಕಿಂತ ನಾಲ್ಕು ಬೆರಳು ಉದ್ದ. ಅದೊಂದೇ ಅಲ್ಲ, ಹೊಲಿದು ಪೇರಿಸಿದ್ದ ರಾಶಿಯೆಲ್ಲ ಹಾಗೇ. ಬಟ್ಟೆ ಕತ್ತರಿಸಿದವನು ಕಿಡಿ.

ಕಿಡಿ ಅನ್ನೋ ಹೆಸರು ಅಣ್ಣ ಇಟ್ಟಿದ್ದು. ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲಿ. ಮೇಷ್ಟ್ರ ಕೈಯಿಂದ ಬೆತ್ತ ಕಿತ್ತುಕೊಂಡು ಮುರಿದು ಶಾಲೆಗೆ ಶರಣು ಹೊಡೆದು ಬಂದವನನ್ನು ಅಣ್ಣ ಬೈಯಲಿಲ್ಲ. ಇದೇ ಟೇಬಲ್ಲಿಗೆ ಕರೆತಂದು ಕೈಗೆ ಕತ್ತರಿ ಕೊಟ್ಟ. ಸಿಟ್ಟು ಬಂದಾಗ ಇದರ ಮೇಲೆ ತೀರಿಸಿಕೋ, ಬಟ್ಟೆ ತಿರುಗಿ ಮಾತಾಡಲ್ಲ ಅಂದ. ಅಣ್ಣ ಆಗ ಇಲ್ಲಿ ಕಟಿಂಗ್ ಮಾಸ್ಟರ್. ಅವನ ಕೈಗಳೋ ಊರುದ್ದ. ಕೂತಲ್ಲಿಂದಲೇ ಕಿಟಕಿ ಮುಚ್ಚುತ್ತಿದ್ದ. ಇವನ ಹೆಂಡತಿ ಅಟ್ಟದ ಮೇಲೆ ತಿಂಡಿ ಬಚ್ಚಿಟ್ಟರೂ ಪ್ರಯೋಜನವಿಲ್ಲ ಅಂತ ಹೊಲಿಯೋ ಹೆಂಗಸರು ಆಡಿಕೊಳ್ಳುತ್ತಿದ್ದರು. ಗುಂಡಿಯ ತೂತು ಹೊಲಿಯೋ ಕಾಜಾ ಮೆಷಿನ್ನಿನ ಮುಂದೆ ಕೂತ ಅತ್ತಿಗೆ ತಲೆ ಬಗ್ಗಿಸಿಕೊಂಡೇ ನಗುತ್ತಿದ್ದಳು.

ಗೆರೆ ಎಳೆದಾದ ಮೇಲೆ, ಕತ್ತರಿ ಹಾಕೋ ಮುಂಚೆ, ಅಣ್ಣ ತನ್ನ ಕೈಯನ್ನು ಬಟ್ಟೆಯ ಮೇಲೆ ಉದ್ದಕ್ಕೆ ಚಾಚುತ್ತಿದ್ದ. ಅವನ ಮಣಿಕಟ್ಟಿಗಿಂತ ನಾಲ್ಕು ಬೆರಳು ಹಿಂದೆ ಗೆರೆ ನಿಂತರೆ ಅಳತೆ ಸರಿ. ಟೇಪು ಎಳೆದಷ್ಟೂ ಹಿಗ್ಗುತ್ತೆ ಕಣೋ, ಕೈ ಮಾತ್ರ ಇದ್ದಷ್ಟೇ ಇರುತ್ತೆ ಅನ್ನುತ್ತಿದ್ದ.

ಯುದ್ಧ ಶುರುವಾಯಿತು. ಅಣ್ಣನಿಗೆ ಸೈನ್ಯದಿಂದ ಕರೆ ಬಂತು, ಹೊಲಿಗೆಮನೆಗೆ ಸೈನಿಕರ ಅಂಗಿಯ ಕೆಲಸ ಬಂತು. ಕಿಡಿ ವಾರವಿಡೀ ಖಾಕಿ ಕತ್ತರಿಸಿ, ರಜೆ ದಿನ ಯುದ್ಧ ನಿಲ್ಲಿಸಿ ಅನ್ನೋರ ಮೆರವಣಿಗೆಯಲ್ಲಿ ಗಂಟಲು ಹರಿದುಕೊಳ್ಳುತ್ತಿದ್ದ. ಒಂದು ದಿನ ಎದುರಿನಿಂದ ಸೈನಿಕರ ಮನೆಯವರ ಮೆರವಣಿಗೆ ಬಂತು. ಅದರ ಮುಂದಿನ ಸಾಲಿನಲ್ಲಿ, ಅಣ್ಣನ ಫೋಟೋ ಎದೆಗೆ ಅವಚಿಕೊಂಡು, ಅತ್ತಿಗೆ. ಇಬ್ಬರ ಕಣ್ಣೂ ಕೂಡಿದವು. ನಡುವೆ ಪೊಲೀಸರ ಹಗ್ಗ.

ಅಂದಿನಿಂದ ಅವಳು ಅವನೊಂದಿಗೆ ಮಾತು ಬಿಟ್ಟಳು. ಏನೇ ಇದ್ದರೂ ಅಮ್ಮನ ಕೈಲಿ ಹೇಳಿಸುತ್ತಿದ್ದಳು. "ಅತ್ತೆ, ನಿಮ್ಮ ಮಗನಿಗೆ ತಟ್ಟೆ ಹಾಕಿದೀನಿ." ತಟ್ಟೆಯ ಎದುರಿಗೇ ಆ ‘ನಿಮ್ಮ ಮಗ’ ಕೂತಿರುತ್ತಿದ್ದ. ಪಾಪ ಅಮ್ಮ ಅದನ್ನೇ ಮತ್ತೊಂದು ಸಲ ಹೇಳುತ್ತಿದ್ದಳು. ಮೊದಲೆಲ್ಲ ಅಣ್ಣ, ಅತ್ತಿಗೆ, ಅವನು ಮೂವರೂ ಊಟ ಮಾಡುತ್ತ ಕೈ ಒಣಗುವವರೆಗೂ ಹರಟುತ್ತಿದ್ದ ಮನೆ. ಅಣ್ಣನ ಜೊತೆ ಆ ಹರಟೆಯೂ ಗಡಿಗೆ ಹೋಗಿತ್ತು. ಎರಡೂ ವಾಪಸ್ ಬರಲಿ ಅಂತ ಕಿಡಿ ಕಾಯುತ್ತಿದ್ದ. ಯಾರ ಹತ್ತಿರ ಹೇಳಿಕೊಳ್ಳೋದು?

ಈಚೆಗೆ ಅಣ್ಣನ ಫೋನೂ ನಿಂತಿತ್ತು. ತೋಳಿನ ಅಳತೆಗೆ ಇಟ್ಟುಕೊಂಡಿದ್ದ ರಟ್ಟಿನ ಅಚ್ಚು ಹರಿದದ್ದು ಆಗಲೇ. ಹೊಸದು ಮಾಡಲು ಕಿಡಿ ರಟ್ಟಿನ ಮೇಲೆ ಕೈ ಚಾಚಿದ. ತನ್ನ ಕೈ ಮೋಟು. ಅಣ್ಣನದಾಗಿದ್ದರೆ ಎಲ್ಲಿಗೆ ಬರುತ್ತಿತ್ತು ಅಂತ ಯೋಚಿಸಿದ. ಮೊಣಕೈ ಇಲ್ಲಿ, ಇಸ್ತ್ರಿ ತಾಗಿ ಸುಟ್ಟ ಕಲೆ ಇಲ್ಲಿ, ಮಣಿಕಟ್ಟು ಇಲ್ಲಿ. ಯಾವಾಗ ಬರ್ತೀಯೋ ಮಾರಾಯ ಅಂತ ಮನಸ್ಸಿನಲ್ಲೇ ಕೇಳುತ್ತ ಅಲ್ಲೇ ಗೆರೆ ಎಳೆದುಬಿಟ್ಟ. ನಾಲ್ಕು ಬೆರಳು ಹಿಂದೆ ಸರಿಯೋದು ನೆನಪಾಗಲೇ ಇಲ್ಲ.

ಈಗ ಮಾಲೀಕ ಕೂಗುತ್ತಿದ್ದ. ಮೆರವಣಿಗೆಯವರು ಹೇಳಿಕೊಟ್ಟು ಮಾಡಿಸಿದ ಕೆಲಸ ಇದು ಅಂದ, ಶತ್ರುವಿನ ಅನ್ನ ತಿನ್ನೋನು ಅಂದ. ತಪ್ಪಿಗಿಂತ ಕೂಗು ದೊಡ್ಡದಾಗಿತ್ತು. ತೋಳು ಗಿಡ್ಡವಾದರೆ ಕೆಟ್ಟಿತು, ಉದ್ದವಾದರೆ ಬಿಚ್ಚಿ ಕತ್ತರಿಸಿದರಾಯ್ತಲ್ಲ ಅಂತ ಹಿಂದಿನ ಸಾಲಿನ ಮುದುಕಿ ಗೊಣಗಿದಳು. ಮಾಲೀಕನ ಕಿವಿಗೆ ಅದು ಬೀಳಲಿಲ್ಲ. ಅವನ ಒಬ್ಬನೇ ಮಗ ಯುದ್ಧದಿಂದ ಪೆಟ್ಟಿಗೆಯಲ್ಲಿ ಬಂದಿದ್ದ. ಒಬ್ಬನನ್ನು ಕಳಕೊಂಡಿದ್ದು ಸಾಲದಾ ನಿನಗೆ ಅನ್ನೋ ಮಾತು ಕಿಡಿಯ ನಾಲಿಗೆ ತುದಿಗೆ ಬಂತು. ಹಲ್ಲು ಕಚ್ಚಿದ. ಮೈಯೆಲ್ಲ ಉರಿಯಿತು, ಆದರೂ ಕಚ್ಚಿದ.

ಅತ್ತಿಗೆ ಎದ್ದು ಬಂದಳು. ಮಾಲೀಕನ ಕೈಯಿಂದ ಅಂಗಿ ತೆಗೆದುಕೊಂಡು ಟೇಬಲ್ ಮೇಲೆ ಹರಡಿದಳು. ಭುಜದಿಂದ ತೋಳಿನ ಉದ್ದಕ್ಕೂ ಅಂಗೈ ಸವರಿಕೊಂಡು ಹೋದವಳು ತುದಿಯಲ್ಲಿ ಕೈ ನಿಲ್ಲಿಸಿದಳು.

"ಬೇಕಂತ ಮಾಡಿದ್ದಲ್ಲ ಯಜಮಾನ್ರೇ," ಅಂದಳು. "ಇದು ನಮ್ಮನೆಯವರ ಅಳತೆ."

ಮಾಲೀಕ ಬಾಯಿ ತೆರೆದವನು ಹಾಗೇ ಸ್ಟೂಲಿನ ಮೇಲೆ ಕುಸಿದ. ಬಿಚ್ಚಿ ಸರಿಮಾಡಿ, ಎಲ್ಲರೂ ಕೆಲಸ ನೋಡ್ಕೊಳ್ಳಿ ಅಂತ ಗೋಡೆಗೆ ಹೇಳಿದ ಹಾಗೆ ಹೇಳಿದ. ಆದರೆ ಯಾರೂ ಪೆಡಲ್ ತುಳಿಯಲಿಲ್ಲ, ಅತ್ತಿಗೆ ಇನ್ನೂ ಅಲ್ಲೇ ಇದ್ದಳು. ಅವಳು ಕಿಡಿಯತ್ತ ತಿರುಗಿದಳು. ನಡುವೆ ಅಮ್ಮ ಇರಲಿಲ್ಲ.

"ಕಿಡಿ, ಅಣ್ಣ ಗೆದ್ದು ಬರಲಿ ಅನ್ನು. ಒಂದೇ ಒಂದು ಸಲ, ಇವರೆಲ್ಲರ ಎದುರಿಗೆ. ಇನ್ನೇನೂ ಕೇಳಲ್ಲ ನಾನು. ಮನೆಗೆ ಹೋಗೋಣ, ಮೊದಲಿನ ಹಾಗೇ ಇರೋಣ."

‘ಬರಲಿ’ ಅನ್ನೋದಾದರೆ ಅವನು ಬೀದಿ ಬೀದಿಯಲ್ಲಿ ನಿಂತು ಅಂದಾನು. ‘ಗೆದ್ದು’ ಅನ್ನೋದು ಮಾತ್ರ ಅವನಿಂದಾಗದು. ಗಡಿಯ ಆ ಕಡೆಯಲ್ಲೂ ಒಬ್ಬಳು ಕಾಜಾ ಮೆಷಿನ್ ಬಿಟ್ಟು ಎದ್ದು ಬಂದು ಇದನ್ನೇ ಕೇಳುತ್ತಿರುತ್ತಾಳೆ. ಇಬ್ಬರ ಗಂಡಂದಿರೂ ಗೆದ್ದು ಬರೋದು ಹೇಗೆ? ಬರೀ ‘ಬರಲಿ’ ಅಂದರೂ ಆಗದು. ಗಂಡ ಅಲ್ಲಿರೋದಕ್ಕೆ ಅರ್ಥವಿದೆ ಅಂತ ಅತ್ತಿಗೆ ಹಿಡಿದು ನಿಂತಿದ್ದ ಒಂದೇ ಒಂದು ಗೂಟ ಆ ‘ಗೆದ್ದು’. ಜನರೆದುರಿಗೆ ಅದನ್ನು ಕಿತ್ತರೆ ಅವಳು ಎಲ್ಲಿ ನಿಲ್ಲಬೇಕು? ಸುಳ್ಳಾದರೂ ಹೇಳಿಬಿಡಲಾ ಅನಿಸಿತು. ಸಂಜೆ ಅವಳು ಬಾಗಿಲಲ್ಲಿ ನಿಂತು, ಏನೋ ಇಷ್ಟು ಹೊತ್ತು ಅಂತ ಗದರೋದು, ಅಷ್ಟು ಸಿಗುತ್ತಿತ್ತು ಆ ಸುಳ್ಳಿಗೆ. ಅದಕ್ಕಾಗಿ ಅವನ ಜೀವ ಹಂಬಲಿಸಿತು.

"ಅನ್ನೋ," ಅಂದಳು ಅತ್ತಿಗೆ, ಮೆಲ್ಲಗೆ.

ಅವನು ಅವಳ ಮುಖ ನೋಡಿದ. ಆಮೇಲೆ ಮೆಷಿನ್‌ಗಳ ಸಾಲಿನ ನಡುವೆ, ನೆಲದ ಮೇಲಿನ ಬಟ್ಟೆ ಚೂರುಗಳನ್ನು ತುಳಿಯದೆ ದಾಟುತ್ತ, ಬಾಗಿಲಿನ ಕಡೆ ನಡೆದ.